ಎಲೆ ನೋಡಿಕೊಂಡು ಕೂತರೆ ಹೊಟ್ಟೆಗೆ ಉಂಟಾ?

ಪ್ರಶ್ನೆ: ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದೇನೆ. ಮೊನ್ನೆ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಹೈಡ್ರಿಲಾ ಎಂಬ ನೀರುಗಿಡದ ಎಲೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟಾಗ, ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಕಣಗಳು ಸಾಲುಗಟ್ಟಿ ಸುತ್ತುತ್ತಿದ್ದುದನ್ನು ನೋಡಿದೆ. ಅವತ್ತಿನಿಂದ ತಲೆಯಲ್ಲಿ ಅದೇ. ಇದರಲ್ಲೇ ಸಂಶೋಧನೆ ಮಾಡಬೇಕು ಎಂಬ ಆಸೆ. ಅಮ್ಮ ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆದು ಕಟ್ಟಿ ಕೊಡುತ್ತಾರೆ, ಮನೆ ನಡೆಯುವುದು ಅದರಲ್ಲೇ. ನನ್ನ ಆಸೆ ಕೇಳಿದ ಮಾವ, ‘ಎಲೆ ನೋಡಿಕೊಂಡು ಕೂತರೆ ಹೊಟ್ಟೆಗೆ ಉಂಟಾ?’ ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಈ ದಾರಿ ಹೇಗಿರುತ್ತದೆ? ನಮ್ಮ ಊರಿನಿಂದ ಶುರು ಮಾಡಬಹುದಾ?

ಉತ್ತರ: ಮೊದಲು ನಿಮ್ಮ ಮಾವನಿಗೆ ಉತ್ತರ ಹೇಳಿಬಿಡುತ್ತೇನೆ. ಹೊಟ್ಟೆಗೆ ಉಂಟು, ಆದರೆ ಊಟ ತಡ. ಎಷ್ಟು ತಡ ಎಂಬುದನ್ನು ಮನೆಯವರಿಂದ ಮುಚ್ಚಿಡಬಾರದು. ಅದರ ಲೆಕ್ಕವನ್ನು ಮುಂದೆ ಬಿಡಿಸಿ ಬರೆದಿದ್ದೇನೆ, ಅವರಿಗೂ ಓದಿ ಹೇಳಿ.

ಎಲೆಯ ಹಸಿರಿನ ಹಿಂದೆ ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಕಳೆದಿದ್ದೇನೆ. ಊರು ಬಿಟ್ಟು ಪಿಎಚ್.ಡಿ. ಮಾಡಿ, ಮೂರು ವರ್ಷ ಜರ್ಮನಿಯಲ್ಲಿ ಕೆಲಸ ಮಾಡಿ, ಆಮೇಲೆ ಮಂಗಳೂರಿಗೆ ಬಂದು ಪಾಠ ಹೇಳಿದೆ. ಈಗ ನಿವೃತ್ತಿಯಾಗಿದೆ. ನಿಮ್ಮಂತೆಯೇ ಹೈಡ್ರಿಲಾ ನೋಡಿ ಶುರುವಾದ ಆಸೆ ನನ್ನದು. ಹಾಗಾಗಿ ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ನೀವು ನೋಡಿದ ದೃಶ್ಯದಿಂದಲೇ ಹೊರಡೋಣ. ಹೈಡ್ರಿಲಾದಲ್ಲಿ ಕ್ಲೋರೋಪ್ಲಾಸ್ಟುಗಳು ತಾವಾಗಿಯೇ ಓಡುತ್ತಿರಲಿಲ್ಲ. ಜೀವಕೋಶದೊಳಗಿನ ದ್ರವ ಹರಿಯುತ್ತಿತ್ತು, ಅವು ಅದರ ಜೊತೆ ತೇಲಿಕೊಂಡು ಹೋಗುತ್ತಿದ್ದವು. ಮಳೆಗಾಲದ ತೋಡಿನಲ್ಲಿ ಹಲಸಿನ ಎಲೆ ಹೋಗುತ್ತದಲ್ಲ, ಹಾಗೆ. ಆದರೆ ಗಿಡಗಳಲ್ಲಿ ಇನ್ನೊಂದು ಬಗೆಯ ಚಲನೆಯೂ ಉಂಟು. ಬಿಸಿಲು ಜಾಸ್ತಿಯಾದರೆ ಕ್ಲೋರೋಪ್ಲಾಸ್ಟುಗಳು ಕೋಶದ ಬದಿಯ ಗೋಡೆಗೆ ಸರಿದು ಒತ್ತಿ ನಿಲ್ಲುತ್ತವೆ. ಬೆಳಕು ಕಡಿಮೆಯಾದರೆ ಮುಖ ಒಡ್ಡಿ ಹರಡಿಕೊಳ್ಳುತ್ತವೆ. ನೀಲಿ ಬೆಳಕನ್ನು ಗುರುತಿಸುವ ಫೋಟೋಟ್ರೋಪಿನ್ ಎಂಬ ಪ್ರೋಟೀನು ಇದನ್ನು ನಡೆಸುತ್ತದೆ. ಕಣ್ಣಿಗೆ ಎರಡೂ ‘ಚಲನೆ’ಯೇ, ಕಾರಣ ಮಾತ್ರ ಬೇರೆ ಬೇರೆ. ‘ಎಷ್ಟು ಚೆಂದ!’ ಎನ್ನುವುದರಿಂದ ‘ಇದು ಯಾವ ಚಲನೆ?’ ಎನ್ನುವಲ್ಲಿಗೆ ನೀವು ಬಂದ ದಿನ ಸಂಶೋಧನೆ ಶುರುವಾಯಿತು ಅಂದುಕೊಳ್ಳಿ.

ಈಗ ನಾನು ಹೇಳಲೇಬೇಕಾದ ಮಾತು. ಯಾರೂ ಕ್ಲೋರೋಪ್ಲಾಸ್ಟಿಗೆ ಸಂಬಳ ಕೊಡುವುದಿಲ್ಲ. ನೀವು ಹಿಡಿದ ಪ್ರಶ್ನೆಗೆ, ನೀವು ಕಲಿತ ಕೈಕೆಲಸಕ್ಕೆ ಕೊಡುತ್ತಾರೆ. ‘ನಾನು ಕ್ಲೋರೋಪ್ಲಾಸ್ಟ್ ಓದುತ್ತೇನೆ’ ಎಂದರೆ ‘ನಾನು ಮಂಗಳೂರಿನಲ್ಲಿದ್ದೇನೆ’ ಅಂದಹಾಗೆ. ಎಲ್ಲಿದ್ದೀರಿ ಎಂದು ಗೊತ್ತಾಯಿತು, ಏನು ಮಾಡುತ್ತಿದ್ದೀರಿ ಎಂದು ಗೊತ್ತಾಗಲಿಲ್ಲ. ಈ ವ್ಯತ್ಯಾಸ ನನಗೆ ಅರ್ಥವಾಗಿದ್ದು ಪಿಎಚ್.ಡಿ.ಯ ಮೂರನೇ ವರ್ಷದಲ್ಲಿ. ನಿಮಗೆ ಈಗಲೇ ಅರ್ಥವಾದರೆ ತುಂಬ ಸಮಯ ಉಳಿಯುತ್ತದೆ.

ಯಾವ ತರದ ಪ್ರಶ್ನೆಗಳು ಅಂತೀರಾ? ಕ್ಲೋರೋಪ್ಲಾಸ್ಟಿಗೆ ತನ್ನದೇ ಡಿಎನ್‌ಎ ಉಂಟು ಎಂದು ಪುಸ್ತಕದಲ್ಲಿ ಓದಿರುತ್ತೀರಿ. ನೂರು ಕೋಟಿ ವರ್ಷಕ್ಕೂ ಹಿಂದೆ ಸ್ವತಂತ್ರವಾಗಿ ಬದುಕುತ್ತಿದ್ದ, ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾ ಒಂದು ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ಒಕ್ಕಲಾಯಿತು. ಅದರ ಹಳೆಯ ಆಸ್ತಿಯ ಒಂದು ತುಂಡು ಈ ಡಿಎನ್‌ಎ. 1986ರಲ್ಲಿ ಜಪಾನಿನ ಎರಡು ತಂಡಗಳು ಅದನ್ನು ಮೊದಲ ಸಲ ಪೂರ್ತಿ ಓದಿದವು, ಒಂದು ತಂಡ ತಂಬಾಕಿನಲ್ಲಿ, ಇನ್ನೊಂದು ಮಾರ್ಕಾಂಶಿಯಾ ಎಂಬ, ಒದ್ದೆ ನೆಲದ ಪುಟ್ಟ ಸಸ್ಯದಲ್ಲಿ. ತಂಬಾಕಿನದ್ದು ಸುಮಾರು 1,56,000 ಅಕ್ಷರ. ಅದರಲ್ಲಿ ಇರುವುದು ನೂರು ಚಿಲ್ಲರೆ ಜೀನುಗಳು. ಆದರೆ ಕ್ಲೋರೋಪ್ಲಾಸ್ಟ್ ಓಡಲು 2,000ದಿಂದ 3,000 ಬಗೆಯ ಪ್ರೋಟೀನು ಬೇಕು. ಉಳಿದದ್ದೆಲ್ಲ ಎಲ್ಲಿಂದ? ಕೋಶಕೇಂದ್ರದಿಂದ. ಹೊರಗೆ ತಯಾರಾಗಿ, ಹೆಸರುಚೀಟಿ ಅಂಟಿಸಿಕೊಂಡು, ಎರಡು ಪೊರೆ ದಾಟಿ ಒಳಗೆ ಬರುತ್ತವೆ.

ರುಬಿಸ್ಕೋ ಎಂಬ ಕಿಣ್ವವನ್ನೇ ನೋಡಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಾಕುವುದು ಅದೇ. ಅದಕ್ಕೆ ಎಂಟು ದೊಡ್ಡ ತುಂಡು, ಎಂಟು ಸಣ್ಣ ತುಂಡು. ದೊಡ್ಡದರ ಜೀನು ಕ್ಲೋರೋಪ್ಲಾಸ್ಟಿನಲ್ಲಿ, ಸಣ್ಣದರ ಜೀನು ಕೋಶಕೇಂದ್ರದಲ್ಲಿ. ಬಾಗಿಲು ಒಬ್ಬರ ಮನೆಯಲ್ಲಿ, ಚೌಕಟ್ಟು ಇನ್ನೊಬ್ಬರ ಮನೆಯಲ್ಲಿ ಮಾಡಿಸಿದ ಹಾಗೆ. ಅಳತೆ ಹೇಗೆ ಹೊಂದುತ್ತದೆ? ಒಂದು ಕಡೆ ಜಾಸ್ತಿ ತಯಾರಾದರೆ ಇನ್ನೊಂದು ಕಡೆಗೆ ಸುದ್ದಿ ಹೇಗೆ ಮುಟ್ಟುತ್ತದೆ? ಒಬ್ಬೊಬ್ಬರು ಇಡೀ ಜೀವಮಾನ ಕಳೆಯುವಷ್ಟು ದೊಡ್ಡ ಪ್ರಶ್ನೆಗಳು ಇವು.

ಇಂಥ ಪ್ರಶ್ನೆ ಎಲ್ಲಿಗೆ ಕರೆದೊಯ್ಯುತ್ತದೆ ಎನ್ನುವುದಕ್ಕೆ ಜಾನ್ ಎಲ್ಲಿಸ್ ಎಂಬ ಬ್ರಿಟಿಷ್ ವಿಜ್ಞಾನಿಯ ಕೆಲಸ ನನಗೆ ಯಾವಾಗಲೂ ನೆನಪಾಗುತ್ತದೆ. ಅವರ ತಂಡ ಬಟಾಣಿ ಎಲೆಯಿಂದ ಕ್ಲೋರೋಪ್ಲಾಸ್ಟ್ ಬೇರ್ಪಡಿಸಿ, ಅದರಲ್ಲಿ ರುಬಿಸ್ಕೋದ ದೊಡ್ಡ ತುಂಡು ಹೇಗೆ ತಯಾರಾಗುತ್ತದೆ ಎಂದು ನೋಡುತ್ತಿತ್ತು. ಹೊಸದಾಗಿ ಹುಟ್ಟಿದ ತುಂಡು ನೇರವಾಗಿ ಜಾಗಕ್ಕೆ ಹೋಗಿ ಕೂರಲಿಲ್ಲ. ಮೊದಲು ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡಿತ್ತು. 1980ರಲ್ಲಿ ಅದನ್ನು ವರದಿ ಮಾಡಿದರು. ಆ ಇನ್ನೊಂದು ಪ್ರೋಟೀನು, ಹಸುಗೂಸನ್ನು ಎತ್ತಿ ಹಿಡಿಯುವ ಅಜ್ಜಿಯಂತೆ, ಹೊಸ ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವವರೆಗೆ ಆಧಾರವಾಗುತ್ತದೆ. ಅಂಥದ್ದೇ ಬ್ಯಾಕ್ಟೀರಿಯಾದಲ್ಲೂ ಉಂಟು, ನಮ್ಮ ನಿಮ್ಮ ಮೈಯ ಕೋಶದಲ್ಲೂ ಉಂಟು ಎಂದು ಆಮೇಲೆ ತಿಳಿಯಿತು. ಇವತ್ತು ಶಾಪೆರಾನ್ ಎಂಬ ಹೆಸರಿನಲ್ಲಿ ವೈದ್ಯರೂ ಇವುಗಳನ್ನು ಓದುತ್ತಾರೆ. ಬಟಾಣಿ ಎಲೆಯಿಂದ ಹೊರಟು ತಲುಪಿದ ಜಾಗ ಅದು.

ನಮ್ಮ ಅಂಗಳದ್ದೇ ಒಂದು ಉದಾಹರಣೆ ಹೇಳುತ್ತೇನೆ. ಸಂಜೆಮಲ್ಲಿಗೆ ಗೊತ್ತಲ್ವಾ, ಬಾವಿಕಟ್ಟೆಯ ಹತ್ತಿರ ಸುಮ್ನೆ ಹುಟ್ಟಿಕೊಂಡು ಸಂಜೆಗೆ ಅರಳುವ ಹೂವು? ಅದರಲ್ಲಿ ಒಂದು ತಳಿಗೆ ಕೆಲವು ಕೊಂಬೆ ಹಸಿರು, ಕೆಲವು ಬಿಳಿ, ಕೆಲವು ಚಿತ್ತಾರ. ಜರ್ಮನಿಯ ಕಾರ್ಲ್ ಕೊರೆನ್ಸ್ ಅದನ್ನೇ ಇಟ್ಟುಕೊಂಡು ಅಡ್ಡತಳಿ ಮಾಡಿ 1909ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿ ಕೊಂಬೆಯ ಹೂವಿಗೆ ಹಸಿರು ಕೊಂಬೆಯ ಪರಾಗ ಹಾಕಿದರೂ ಹುಟ್ಟುವ ಸಸಿ ಬಿಳಿಯೇ. ಹಸಿರು ಕೊಂಬೆಯ ಹೂವಿಗೆ ಬಿಳಿಯದ್ದರ ಪರಾಗ ಹಾಕಿದರೂ ಸಸಿ ಹಸಿರೇ. ಅಪ್ಪನ ಕಡೆಯದ್ದು ಲೆಕ್ಕಕ್ಕೇ ಇಲ್ಲ. ತಾಯಿಯಿಂದ ಬಂದ ಕ್ಲೋರೋಪ್ಲಾಸ್ಟೇ ಎಲ್ಲ. ಅಳಿಯಸಂತಾನ ನೋಡಿ ಬೆಳೆದ ನಮಗೆ ಇದು ಬೇಗ ತಲೆಗೆ ಹತ್ತುತ್ತದೆ. ಎಲ್ಲ ಗಿಡದಲ್ಲೂ ಹೀಗೇ ಎಂದುಕೊಳ್ಳಬೇಡಿ. ಅದೇ ವರ್ಷ ಎರ್ವಿನ್ ಬೌರ್ ಎಂಬವರು ಜೆರೇನಿಯಂ ಜಾತಿಯ ಗಿಡದಲ್ಲಿ ಎರಡೂ ಕಡೆಯಿಂದ ಬರುವುದನ್ನು ತೋರಿಸಿದರು.

ಇಷ್ಟು ಬರೆದದ್ದು ನಿಮ್ಮ ಆಸೆಯನ್ನು ಇನ್ನೂ ಹೆಚ್ಚಿಸಲು. ಈಗ ಕಷ್ಟದ ಭಾಗಕ್ಕೆ ಬರುತ್ತೇನೆ.

ಪಿಎಚ್.ಡಿ.ಗೆ ಸೇರಿದ ಮೊದಲ ವರ್ಷ ನನಗೆ ಕೊಟ್ಟ ಕೆಲಸ, ಎಲೆಯಿಂದ ಒಡೆಯದ ಕ್ಲೋರೋಪ್ಲಾಸ್ಟ್ ತೆಗೆಯುವುದು. ಕೇಳಲು ಸುಲಭ. ಪಾಲಕ್ ಎಲೆಯನ್ನು ತಣ್ಣಗಿನ ದ್ರಾವಣದಲ್ಲಿ ಎರಡು ಮೂರು ಸೆಕೆಂಡು ರುಬ್ಬಬೇಕು, ತೆಳು ಬಟ್ಟೆಯಲ್ಲಿ ಸೋಸಬೇಕು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು. ತಳದಲ್ಲಿ ಕೂತ ಹಸಿರನ್ನು ಮೆತ್ತಗೆ ಬಿಡಿಸಿ ಮೈಕ್ರೋಸ್ಕೋಪಿನಡಿ ನೋಡಿದರೆ, ಒಡೆಯದವು ಸುತ್ತ ಬೆಳಕಿನ ಬಳೆ ತೊಟ್ಟ ಹಾಗೆ ಹೊಳೆಯುತ್ತವೆ. ಪೊರೆ ಒಡೆದವು ಮಂಕಾಗಿ, ಕಪ್ಪಗೆ, ಕಾಳುಕಾಳಾಗಿ ಕಾಣುತ್ತವೆ. ನನ್ನವು ಎಲ್ಲವೂ ಮಂಕು. ಒಂದು ತಿಂಗಳಲ್ಲ, ನಾಲ್ಕು ತಿಂಗಳು. ದ್ರಾವಣ ಬದಲಿಸಿದೆ, ಸೋಸುವ ಬಟ್ಟೆ ಬದಲಿಸಿದೆ, ಮಂಜುಗಡ್ಡೆ ಜಾಸ್ತಿ ಹಾಕಿದೆ. ದಿನವೂ ಟ್ಯೂಬಿನ ತಳದಲ್ಲಿ, ಹಸಿರಿನ ಕೆಳಗೆ, ಸಣ್ಣ ಬಿಳಿ ಚುಕ್ಕೆ ಕಾಣುತ್ತಿತ್ತು. ಅದನ್ನು ನೋಡುತ್ತಿದ್ದೆ, ಆದರೆ ಅದು ಏನೆಂದು ಕೇಳಿಕೊಂಡಿರಲಿಲ್ಲ.

ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ ಸಹಾಯಕರೊಬ್ಬರಿದ್ದರು. ಒಂದು ದಿನ ನನ್ನ ಟ್ಯೂಬನ್ನು ಬೆಳಕಿಗೆ ಹಿಡಿದು, ‘ಎಲೆ ಎಷ್ಟು ಗಂಟೆಗೆ ಕಿತ್ತದ್ದು?’ ಎಂದು ಕೇಳಿದರು. ಮಧ್ಯಾಹ್ನ ಊಟ ಮುಗಿಸಿ ಕೀಳುತ್ತಿದ್ದೆ. ಅವರು ಒಂದೇ ಮಾತು ಹೇಳಿದರು: ‘ನಾಳೆ ಬೆಳಕಾಗುವ ಮುಂಚೆ ಕೀಳಿ.’ ಬಿಳಿ ಚುಕ್ಕೆ ಪಿಷ್ಟ. ಹಗಲಿಡೀ ಎಲೆ ಮಾಡಿದ ಸಕ್ಕರೆ ಕ್ಲೋರೋಪ್ಲಾಸ್ಟಿನೊಳಗೇ ಪಿಷ್ಟದ ಕಾಳಾಗಿ ಕೂಡುತ್ತದೆ. ಆ ಭಾರದ ಕಾಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಸೆಂಟ್ರಿಫ್ಯೂಜಿನಲ್ಲಿ ತಿರುಗಿದರೆ, ಕಾಳು ಪೊರೆಯನ್ನು ಹರಿದುಕೊಂಡು ಹೊರಗೆ ಬರುತ್ತದೆ. ರಾತ್ರಿಯಲ್ಲಿ ಗಿಡ ಆ ಪಿಷ್ಟವನ್ನು ಕರಗಿಸಿ ಬಳಸಿಕೊಳ್ಳುತ್ತದೆ. ಹಾಗಾಗಿ ನಸುಕಿನ ಎಲೆ ಹಗುರ. ಮರುದಿನ ಐದೂವರೆಗೆ ಎದ್ದು ಕಿತ್ತೆ. ಎಂಟು ಗಂಟೆಗೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಾಗ ಬಳೆ ತೊಟ್ಟ ಕ್ಲೋರೋಪ್ಲಾಸ್ಟುಗಳೇ ತುಂಬಿದ್ದವು. ಆ ಬೆಳಿಗ್ಗೆಯ ನೆನಪಿನಲ್ಲೇ ನಾನು ಮುಂದಿನ ಹಲವು ವರ್ಷ ತಳ್ಳಿದ್ದೇನೆ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಈ ವೃತ್ತಿಯ ಬಹುಪಾಲು ದಿನಗಳು ಆ ನಾಲ್ಕು ತಿಂಗಳಿನ ಹಾಗೇ ಇರುತ್ತವೆ. ನಾನು ಓದಿದ್ದ ಪೇಪರಿನಲ್ಲಿ ‘ಕತ್ತಲಿನಲ್ಲಿಟ್ಟ ಗಿಡದ ಎಲೆ’ ಎಂದು ಒಂದು ಸಾಲು ಇತ್ತು. ನನ್ನ ಕಣ್ಣು ಅದನ್ನು ದಾಟಿ ಹೋಗಿತ್ತು. ಬುದ್ಧಿ ಎಷ್ಟಿದ್ದರೂ ಬಿಳಿ ಚುಕ್ಕೆಯನ್ನು ನೋಡಿ ನಿಲ್ಲುವ ಗುಣ ಬೇರೆಯೇ ಬೇಕು. ಅದು ಅಭ್ಯಾಸದಿಂದ ಬರುತ್ತದೆ.

ಇನ್ನು ಲೆಕ್ಕ. ಬಿ.ಎಸ್ಸಿ. ಮುಗಿಯುವಾಗ ನಿಮಗೆ ಇಪ್ಪತ್ತೊಂದು ಇರಬಹುದು. ಎಂ.ಎಸ್ಸಿ.ಗೆ ಇನ್ನೆರಡು ವರ್ಷ. ಆಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ, ಜೀವವಿಜ್ಞಾನದಲ್ಲಿ. ಒಟ್ಟು 200 ಅಂಕ, ಮೂರು ಗಂಟೆ. ಅದರಲ್ಲಿ 100 ಅಂಕ ಕೊನೆಯ ಭಾಗದ್ದು, ಪ್ರಯೋಗದ ಫಲಿತಾಂಶ ಕೊಟ್ಟು ಅರ್ಥ ಬಿಡಿಸಲು ಹೇಳುವಂಥ ಪ್ರಶ್ನೆಗಳು ಅಲ್ಲಿರುತ್ತವೆ. ಬಾಯಿಪಾಠ ಮಾಡಿದವರು ಅಲ್ಲೇ ಸೋಲುವುದು. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಸಂಸ್ಥೆಯಲ್ಲಿ ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆಯ ಭತ್ಯೆ ಬೇರೆ. ಮಲ್ಲಿಗೆ ಮಾರುವ ಅಳತೆಯಾದ ಅಟ್ಟೆಯ ದರ ದಿನಕ್ಕೊಂದು ಆಗುವುದನ್ನು ನೋಡಿದ ನಿಮ್ಮ ಅಮ್ಮನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಸತ್ಯವನ್ನೂ ಹೇಳಿಬಿಡಿ. ಈ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಮೂರು ತಿಂಗಳ ಖರ್ಚಿನಷ್ಟಾದರೂ ಕೈಯಲ್ಲಿ ಉಳಿಸಿಕೊಳ್ಳುವ ರೂಢಿ ಬೇಕು.

ಪಿಎಚ್.ಡಿ.ಗೆ ಐದರಿಂದ ಆರು ವರ್ಷ. ಅಲ್ಲಿಗೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಆಮೇಲೆ ಪೋಸ್ಟ್‌ಡಾಕ್, ಅಂದರೆ ಇನ್ನೊಬ್ಬರ ಲ್ಯಾಬಿನಲ್ಲಿ ತಾತ್ಕಾಲಿಕ ಸಂಶೋಧನೆಯ ಕೆಲಸ, ಹೆಚ್ಚಿನವರಿಗೆ ಹೊರದೇಶದಲ್ಲಿ, ಎರಡರಿಂದ ನಾಲ್ಕು ವರ್ಷ. ಸ್ವಂತ ಲ್ಯಾಬು, ಕಾಯಂ ಕೆಲಸ ಎನ್ನುವುದು ಮೂವತ್ತಮೂರು, ಮೂವತ್ತೈದರ ಹತ್ತಿರ. ವಿದೇಶದಿಂದ ಮರಳುವವರಿಗೆ ರಾಮಲಿಂಗಸ್ವಾಮಿ ಫೆಲೋಶಿಪ್, ರಾಮಾನುಜನ್ ಫೆಲೋಶಿಪ್ ಅಂಥವು ಸೇತುವೆಯಾಗುತ್ತವೆ. ಅಷ್ಟು ದೂರ ಹೋಗದೆ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎಂದರೆ ಎಂ.ಎಸ್ಸಿ. ಜೊತೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಸಾಕು. ಸಹಾಯಕ ಪ್ರಾಧ್ಯಾಪಕರ ಮೂಲವೇತನ ಯುಜಿಸಿ ಪ್ರಕಾರ 57,700 ರೂಪಾಯಿಯಿಂದ ಶುರು. ಆದರೆ ಕಾಯಂ ಹುದ್ದೆಗೆ ಕಾಯುತ್ತಾ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಉಳಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಒಳ್ಳೆಯ ವಿದ್ಯಾರ್ಥಿಗಳೇ ಅದರಲ್ಲಿದ್ದರು. ಅದು ನೋವಿನ ವಿಷಯ, ನಿಮಗೆ ಗೊತ್ತಿರಬೇಕು.

ಮಾವನಿಗೆ ಇಷ್ಟು ಸಾಕು. ನಿಮಗೆ ಇನ್ನೊಂದು ಮಾತು: ಈ ಹನ್ನೆರಡು ಹದಿಮೂರು ವರ್ಷದಲ್ಲಿ ನಿಮ್ಮ ಕೈ ಏನೇನು ಕಲಿಯುತ್ತದೆ ಎಂಬುದರ ಮೇಲೆ ಕಣ್ಣಿಡಿ. ಪ್ರೋಟೀನು ಬೇರ್ಪಡಿಸುವುದು, ಜೀನ್ ತಿದ್ದುವುದು, ಡಿಎನ್‌ಎ ಓದಿದ ರಾಶಿಯನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು, ಎಲೆಯನ್ನು ಕೀಳದೆಯೇ ಅದರ ಆರೋಗ್ಯ ಅಳೆಯುವುದು. ಈ ಕೊನೆಯದು ತುಂಬ ಚೆಂದದ ಕೆಲಸ. ಎಲೆಯನ್ನು ಅರ್ಧ ಗಂಟೆ ಕತ್ತಲಲ್ಲಿಟ್ಟು ಒಂದು ಕ್ಷಣ ಬೆಳಕು ಹಾಯಿಸಿದರೆ, ಅದು ಕೆಂಪು ಬೆಳಕನ್ನು ಸ್ವಲ್ಪ ವಾಪಸು ಕೊಡುತ್ತದೆ. ಆ ಬೆಳಕಿನಿಂದ ಒಂದು ಅನುಪಾತ ಲೆಕ್ಕ ಹಾಕುತ್ತಾರೆ, ಆರೋಗ್ಯದ ಎಲೆಯಲ್ಲಿ ಅದು 0.83ರ ಆಸುಪಾಸು ಬರುತ್ತದೆ. ಬಿಸಿಲಿಗೆ ಬಾಡಿದ, ಉಪ್ಪುನೀರು ಕುಡಿದ ಎಲೆಯಲ್ಲಿ ಅದು ಇಳಿಯುತ್ತದೆ. ಕಣ್ಣಿಗೆ ಹಳದಿ ಕಾಣುವ ಎಷ್ಟೋ ಮುಂಚೆ ಯಂತ್ರಕ್ಕೆ ಗೊತ್ತಾಗುತ್ತದೆ. ಸುಳ್ಯದ ಕಡೆ ಹಳದಿ ಎಲೆ ರೋಗಕ್ಕೆ ಅಡಿಕೆ ತೋಟವನ್ನೇ ಕಳೆದುಕೊಂಡವರ ಅಂಗಳದಲ್ಲಿ ನಿಂತರೆ, ಇಂಥ ಅಳತೆಗೆ ಎಷ್ಟು ಬೆಲೆ ಎಂದು ತಿಳಿಯುತ್ತದೆ. ಆ ರೋಗ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದ್ದು, ಕ್ಲೋರೋಪ್ಲಾಸ್ಟಿನ ತಪ್ಪಲ್ಲ. ಆದರೆ ಪೆಟ್ಟು ಮೊದಲು ಕಾಣುವುದು ಎಲೆಯ ಹಸಿರಿನಲ್ಲೇ. ಕಾಸರಗೋಡಿನಲ್ಲಿರುವ, ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನ ಪ್ರಾದೇಶಿಕ ಕೇಂದ್ರ ನಮ್ಮ ವಿಟ್ಲದಲ್ಲೇ ಉಂಟು. ಅಡಿಕೆ, ಕೊಕ್ಕೊ ಅಲ್ಲಿನ ಮುಖ್ಯ ಕೆಲಸ. ನಿಮಗೆ ಹತ್ತಿರ ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ. ಒಮ್ಮೆ ಹೋಗಿ ನೋಡಿ ಬನ್ನಿ.

ಅಡಿಕೆ ತೋಟದ ನೆರಳಲ್ಲಿ ಬೆಳೆಯುವ ಕೊಕ್ಕೊ ಗಿಡದ ಹತ್ತಿರ ನಿಂತಾಗ ನನಗೆ ಇನ್ನೊಂದು ಸಂಗತಿ ನೆನಪಾಗುತ್ತದೆ. ಸೋಗೆಯ ಸಂದಿಯಿಂದ ಬಿಸಿಲಿನ ತುಣುಕು ಬೀಳುತ್ತದೆ, ಹೋಗುತ್ತದೆ, ಮತ್ತೆ ಬೀಳುತ್ತದೆ. ಜೋರು ಬಿಸಿಲು ಬಿದ್ದಾಗ ಎಲೆ ತನಗೆ ಬೇಡದ ಬೆಳಕನ್ನು ಶಾಖವಾಗಿ ಹೊರಹಾಕುತ್ತದೆ. ನೆರಳು ಬಂದ ಮೇಲೂ ಆ ಹೊರಹಾಕುವ ಕೆಲಸ ಕೂಡಲೇ ನಿಲ್ಲುವುದಿಲ್ಲ, ನಿಮಿಷಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಬೇಕಾದ ಬೆಳಕೂ ಪೋಲು. 2016ರಲ್ಲಿ ಅಮೆರಿಕದ ಇಲಿನಾಯ್ಸ್ ವಿಶ್ವವಿದ್ಯಾಲಯದ ಸ್ಟೀಫನ್ ಲಾಂಗ್ ಮತ್ತು ಜೊತೆಗಾರರು ತಂಬಾಕಿನಲ್ಲಿ ಮೂರು ಜೀನುಗಳನ್ನು ಹೆಚ್ಚು ಕೆಲಸ ಮಾಡುವಂತೆ ಮಾಡಿ, ಎಲೆ ಬೇಗ ಸುಧಾರಿಸಿಕೊಳ್ಳುವ ಹಾಗೆ ಮಾಡಿದರು. ಹೊಲದಲ್ಲಿ ಬೆಳೆದ ಗಿಡದ ಒಣತೂಕ ಸುಮಾರು 15 ಶೇಕಡ ಹೆಚ್ಚಿತು. ಮೋಡ ಬಿಸಿಲಿನ ಆಟ ನಮ್ಮ ಕರಾವಳಿಯಲ್ಲಿ ಇರುವಷ್ಟು ಎಲ್ಲಿ ಉಂಟು ಹೇಳಿ? ಇಲ್ಲಿನ ಬೆಳೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದನ್ನು ಹೇಳದಿದ್ದರೆ ಮಂಗಳೂರಿನಲ್ಲಿ ಪಾಠ ಮಾಡಿದ್ದಕ್ಕೆ ಅರ್ಥವಿಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಲೇರಿಯಾ ಬಂದು ಹೋಗಿದೆ. ಜ್ವರ ಬಂದರೆ ಡಾಕ್ಟರು ಮೊದಲು ರಕ್ತ ಪರೀಕ್ಷೆಗೆ ಬರೆಯುತ್ತಾರೆ. ಆ ಮಲೇರಿಯಾ ಪರಾವಲಂಬಿಯ ಕೋಶದೊಳಗೆ ಏನಿದೆ ಗೊತ್ತಾ? ಬಣ್ಣ ಕಳೆದುಕೊಂಡ ಒಂದು ಹಳೆಯ ಪ್ಲಾಸ್ಟಿಡ್, ಅಂದರೆ ಕ್ಲೋರೋಪ್ಲಾಸ್ಟಿನ ಬಳಗದ್ದೇ. ಎಪಿಕೋಪ್ಲಾಸ್ಟ್ ಎನ್ನುತ್ತಾರೆ. 1990ರ ದಶಕದಲ್ಲಿ ಅದು ಖಚಿತವಾಯಿತು. ಅದಕ್ಕೂ ಸುಮಾರು 35,000 ಅಕ್ಷರದ ಸ್ವಂತ ಡಿಎನ್‌ಎ ಉಂಟು. ಅದು ಬೆಳಕು ಹಿಡಿಯುವುದಿಲ್ಲ, ಆದರೆ ಪರಾವಲಂಬಿಗೆ ಅಗತ್ಯವಾದ ಕೆಲವು ವಸ್ತುಗಳನ್ನು ಮಾಡಿಕೊಡುತ್ತದೆ. ಮೂಲದಲ್ಲಿ ಬ್ಯಾಕ್ಟೀರಿಯಾದ ವಂಶ ಆದ್ದರಿಂದ, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಡಾಕ್ಸಿಸೈಕ್ಲಿನ್ ಔಷಧ ಇದನ್ನೂ ಹೊಡೆಯುತ್ತದೆ. ಪರಾವಲಂಬಿ ಕೂಡಲೇ ಸಾಯುವುದಿಲ್ಲ, ಅದರ ಮುಂದಿನ ಪೀಳಿಗೆ ಸಾಯುತ್ತದೆ. ಕ್ಲೋರೋಪ್ಲಾಸ್ಟಿನ ಒಳಗೆ ಪ್ರೋಟೀನು ಹೇಗೆ ನುಗ್ಗುತ್ತದೆ ಎಂದು ಎಲೆಯಲ್ಲಿ ಕಲಿತವರಿಗೆ ಈ ಮಲೇರಿಯಾದ ಪ್ರಶ್ನೆ ಅರ್ಧ ಪರಿಚಯದ್ದೇ ಆಗಿರುತ್ತದೆ. ಮೂರನೇ ವರ್ಷದ ತರಗತಿಯಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚು ಸದ್ದಿಲ್ಲದೆ ಕೂತಿರುತ್ತಿತ್ತು.

ಇಲ್ಲಿಂದ ಶುರು ಮಾಡಬಹುದಾ ಎಂದು ಕೇಳಿದ್ದೀರಿ. ಶುರು ಮಾಡಬಹುದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಸಸ್ಯಶಾಸ್ತ್ರದ ಎಂ.ಎಸ್ಸಿ. ಉಂಟು. ಮಣಿಪಾಲದಲ್ಲಿ ಜೀವವಿಜ್ಞಾನದ ಶಾಲೆಯೂ ಉಂಟು, ಅಲ್ಲಿನ ಶುಲ್ಕವನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಆದರೆ ಪಿಎಚ್.ಡಿ.ಗೆ ಊರು ಬಿಡಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕ್ಲೋರೋಪ್ಲಾಸ್ಟಿನ ಕೆಲಸಕ್ಕೆ ಬೆಳಕು, ಬಿಸಿ ಎರಡನ್ನೂ ಹದದಲ್ಲಿಡುವ ಕೋಣೆ ಬೇಕು, ಒಳ್ಳೆಯ ಸೆಂಟ್ರಿಫ್ಯೂಜ್ ಬೇಕು, ಪಕ್ಕದಲ್ಲಿ ಅದೇ ಕೆಲಸ ಮಾಡುವ ನಾಲ್ಕು ಜನ ಬೇಕು. ಮುಖ್ಯವಾಗಿ ಆ ನಾಲ್ಕು ಜನ. ಮುಂದಿನ ಬೇಸಿಗೆಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಇರಲು ಸಿಗುತ್ತದೆ. ಆ ಎರಡು ತಿಂಗಳಲ್ಲಿ ನಿಮಗೆ ಬೇಸರ ಬಂದರೆ ಅದೂ ಒಳ್ಳೆಯ ಉತ್ತರವೇ. ಆಗ ದಾರಿ ಬದಲಿಸಲು ಸಮಯ ಇರುತ್ತದೆ.

ಮಾರ್ಗದರ್ಶಕರನ್ನು ಆರಿಸುವ ಬಗ್ಗೆ ಜನ ತುಂಬ ಹೇಳುತ್ತಾರೆ. ನಾನು ಒಂದೇ ಹೇಳುತ್ತೇನೆ. ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರ ಹತ್ತಿರ ಫೋನಿನಲ್ಲಿ ಮಾತಾಡಿ. ಎಷ್ಟು ಪೇಪರ್ ಬಂತು ಎಂದು ಕೇಳಬೇಡಿ. ಪ್ರಯೋಗ ಕೆಟ್ಟ ದಿನ ಅವರು ಏನು ಮಾಡುತ್ತಿದ್ದರು ಎಂದು ಕೇಳಿ.

ಅಮ್ಮನಿಗೆ ಇದನ್ನೆಲ್ಲ ಹೇಗೆ ಹೇಳುವುದು? ಆಟಿ ತಿಂಗಳಲ್ಲಿ ಪತ್ರೊಡೆ ಮಾಡುವಾಗ ಪಕ್ಕದಲ್ಲಿ ಕೂತು ಹೇಳಿ. ಕೆಸುವಿನ ಎಲೆ ತಂದಾಗ ಗಾಢ ಹಸಿರು. ಹುಳಿ ಸೇರಿಸಿದ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ ತೆಗೆದರೆ ಎಲೆ ಮಂಕು ಕಂದು ಹಸಿರು. ಪತ್ರಹರಿತ್ತಿನ ನಟ್ಟನಡುವೆ ಒಂದು ಮೆಗ್ನೀಸಿಯಂ ಕೂತಿರುತ್ತದೆ. ಬಿಸಿಯಲ್ಲಿ ಕೋಶ ಒಡೆದು ಹುಳಿ ಅಲ್ಲಿಗೆ ಮುಟ್ಟಿದಾಗ ಅದು ಜಾಗ ಬಿಟ್ಟು ಹೊರಗೆ ಬರುತ್ತದೆ. ಬಣ್ಣ ಹೋಗುವುದು ಅದಕ್ಕೇ. ಇಷ್ಟು ವರ್ಷ ತಮ್ಮ ಕೈಯಲ್ಲೇ ಆಗುತ್ತಿದ್ದುದನ್ನು ಮಗಳು ಬಿಡಿಸಿ ಹೇಳಿದರೆ ಯಾವ ಅಮ್ಮನಿಗೆ ಖುಷಿಯಾಗುವುದಿಲ್ಲ? ಹಣದ ಚಿಂತೆ ಅದರಿಂದ ಹೋಗುವುದಿಲ್ಲ, ನನಗೆ ಗೊತ್ತು. ಆದರೆ ‘ಎಲೆ ನೋಡುವುದು’ ಎಂದರೆ ಏನು ಎಂದು ಅವರಿಗೆ ಒಮ್ಮೆ ಕಾಣುತ್ತದೆ.

ಕೊನೆಗೆ, ಈ ವಾರವೇ ನೀವು ಮಾಡಬಹುದಾದ ಒಂದು ಕೆಲಸ ಕೊಡುತ್ತೇನೆ. ದಾಸವಾಳದ ಗಿಡದಿಂದ ಬೆಳಕು ಹರಿಯುವ ಮುಂಚೆ ಒಂದು ಎಲೆ, ಸಂಜೆ ನಾಲ್ಕಕ್ಕೆ ಒಂದು ಎಲೆ ಕೀಳಿ. ಕಿತ್ತ ಕೂಡಲೇ ಎರಡು ನಿಮಿಷ ಕುದಿನೀರಲ್ಲಿ ಹಾಕಿ ತೆಗೆಯಿರಿ. ಆಮೇಲೆ ಕಾಲೇಜಿನ ಲ್ಯಾಬಿನಲ್ಲಿ ಸ್ಪಿರಿಟ್ಟಿನಲ್ಲಿ ಹಸಿರು ಇಳಿಸಿ. ಸ್ಪಿರಿಟ್ಟನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕಾಯಿಸಬೇಕು, ಉರಿಯ ಮೇಲೆ ನೇರ ಇಡಲೇಬಾರದು, ಬೆಂಕಿ ಹಿಡಿಯುತ್ತದೆ. ಬಿಳಿಚಿದ ಎಲೆಯನ್ನು ತೊಳೆದು ಅಯೋಡಿನ್ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನ್ನ ನಾಲ್ಕು ತಿಂಗಳನ್ನು ತಿಂದ ಪಿಷ್ಟ ನೀಲಿ ಕಪ್ಪಾಗಿ ನಿಮ್ಮ ಎದುರಿಗೆ ಬರುತ್ತದೆ.

ಅದು ಸರಿಯಾಗಿ ಬಂದ ಮೇಲೆ ಅಮ್ಮನ ಮಲ್ಲಿಗೆ ಗಿಡದ ಎಲೆಯಲ್ಲಿ ಮಾಡಿ. ಎಲ್ಲ ಗಿಡವೂ ಒಂದೇ ಅಳತೆಯಲ್ಲಿ ಪಿಷ್ಟ ಕೂಡಿಡುವುದಿಲ್ಲ. ಮೊಗ್ಗು ತುಂಬಿದ ಗಿಡದ ಎಲೆಯಲ್ಲಿ, ಮೊಗ್ಗೆಲ್ಲ ಕಿತ್ತು ಖಾಲಿಯಾದ ಗಿಡದ ಎಲೆಯಲ್ಲಿ ವ್ಯತ್ಯಾಸ ಕಾಣುತ್ತದಾ ನೋಡಿ. ಮೂರು ಮೂರು ಗಿಡ ತೆಗೆದುಕೊಳ್ಳಿ, ಒಂದೇ ಸಾಲದು. ಎಷ್ಟು ಗಂಟೆಗೆ ಕಿತ್ತಿರಿ, ಕೊಂಬೆಯ ಎಷ್ಟನೇ ಎಲೆ, ಅವತ್ತು ಮೋಡ ಇತ್ತಾ ಬಿಸಿಲಿತ್ತಾ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ. ಬಂದದ್ದನ್ನು ನನಗೆ ಬರೆದು ಕಳಿಸಿ, ಅಂದುಕೊಂಡ ಹಾಗೆ ಬಾರದಿದ್ದರೂ ಕಳಿಸಿ.